ಉಸಿರು ತಗೊಳ್ಳೋ ಕಡೆಯೆಲ್ಲ ಕಾಮಾ ಹಾಕಬೇಡಿ

ಅಂಗಡಿ ಬೋರ್ಡಿನ ಇಂಗ್ಲಿಷಿನಲ್ಲಿ ಬಹುವಚನಕ್ಕೂ ಅಪಾಸ್ಟ್ರಫಿ ಹಾಕಿದ್ದರೆ ಫೋಟೊ ತೆಗೆದು ನಗುವವರು ಬಹಳ. ಅದರಿಂದ ಯಾರಿಗೂ ನಷ್ಟವಿಲ್ಲ, ಮೊಬೈಲ್ ಕೇಳಿದರೆ ಮೊಬೈಲೇ ಸಿಗುತ್ತೆ. ನಷ್ಟ ತರೋದು ಕಾಮಾ, ಅದೂ ಹಾಗೆ ನಗುವವರೇ ಬರೆಯುವ ಆಫೀಸ್ ಮೇಲ್‌ಗಳಲ್ಲಿ.

ಓದುವಾಗ ನಿಲ್ಲಿಸುವ ಕಡೆ ಕಾಮಾ ಹಾಕಿ ಅಂತ ಶಾಲೆಯಲ್ಲಿ ಹೇಳಿಕೊಡ್ತಾರಲ್ಲ, ಎಡವಟ್ಟು ಶುರುವಾಗೋದೇ ಅಲ್ಲಿ. ಕನ್ನಡದಲ್ಲಿ ‘ನಿನ್ನೆ ಬಂದಿದ್ದೆ, ನೀವಿರಲಿಲ್ಲ’ ಅಂದರೆ ಸರಿಯೇ. ಅದನ್ನೇ ‘ಐ ಕೇಮ್ ಎಸ್ಟರ್‌ಡೇ, ಯು ವರ್ ನಾಟ್ ದೇರ್’ ಅಂತ ಬರೆದರೆ ತಪ್ಪು. ಎರಡೂ ಕಡೆ ಕರ್ತೃ, ಕ್ರಿಯಾಪದ ಇವೆ. ಅಂಥ ಎರಡು ಪೂರ್ಣ ವಾಕ್ಯಗಳನ್ನು ಜೋಡಿಸೋದು ಬರೀ ಕಾಮಾದ ಕೈಲಾಗದು. ಫುಲ್‌ಸ್ಟಾಪ್ ಹಾಕಿ, ಇಲ್ಲವೇ ಸೆಮಿಕೋಲನ್, ಇಲ್ಲವೇ ಕಾಮಾ ಆದಮೇಲೆ ‘ಬಟ್’ ಸೇರಿಸಿ. ‘ಬಟ್’ ಬದಲು ‘ಹೌವೆವರ್’ ಬಳಸಿದರೆ ಲೆಕ್ಕ ಬೇರೆ: ಹಿಂದೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್, ಮುಂದೆ ಕಾಮಾ.

ಇನ್ನು ನೋಟಿಸ್ ಬೋರ್ಡು. ‘ಸ್ಟೂಡೆಂಟ್ಸ್ ಹೂ ಹ್ಯಾವ್ ನಾಟ್ ಪೇಯ್ಡ್ ದ ಫೀಸ್ ಮಸ್ಟ್ ಮೀಟ್ ದ ಪ್ರಿನ್ಸಿಪಾಲ್’. ಕಾಮಾ ಇಲ್ಲದಿದ್ದರೆ ಇದು ಫೀಸ್ ಬಾಕಿ ಇರುವವರಿಗೆ ಮಾತ್ರ. ‘ಹೂ’ ಹಿಂದೊಂದು, ‘ಫೀಸ್’ ಮುಂದೊಂದು ಕಾಮಾ ಬಿದ್ದರೆ ಯಾರೂ ಫೀಸ್ ಕಟ್ಟಿಲ್ಲ ಎಂದಾಯಿತು. ಕಟ್ಟಿದವರೂ ಪ್ರಿನ್ಸಿಪಾಲರ ಬಾಗಿಲಲ್ಲಿ ಸಾಲು ನಿಲ್ಲಬೇಕು. ಹೆಚ್ಚಾಗಿ ಕಾಣೋದು ಮೂರನೇ ನಮೂನೆ, ‘ಫೀಸ್’ ಆದಮೇಲೆ ಮಾತ್ರ ಒಂದು ಕಾಮಾ. ಉಸಿರಿನ ಸೂತ್ರದ ಪ್ರತಾಪ ಇದು. ಕರ್ತೃ ಎಷ್ಟೇ ಉದ್ದವಿರಲಿ, ಅದಕ್ಕೂ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ಬರಕೂಡದು.

ಇದೆಲ್ಲ ಮೇಷ್ಟ್ರ ಕಿರಿಕಿರಿ ಅನ್ನೋರು ಅಮೆರಿಕದ ಮೇನ್ ರಾಜ್ಯದ ಓಕ್‌ಹರ್ಸ್ಟ್ ಡೇರಿ ಮೊಕದ್ದಮೆ ನೋಡಬೇಕು. ಓವರ್‌ಟೈಮ್ ಕೊಡಬೇಕಿಲ್ಲದ ಕೆಲಸಗಳ ಪಟ್ಟಿ ಅಲ್ಲಿನ ಕಾನೂನಿನಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದು ಮುಗಿದಿತ್ತು, ‘ಶಿಪ್‌ಮೆಂಟ್’ ಆದಮೇಲೆ ಕಾಮಾ ಇರಲಿಲ್ಲ. ಇದು ಪ್ಯಾಕಿಂಗ್ ಒಂದೇ ಕೆಲಸವೋ, ಪ್ಯಾಕಿಂಗ್ ಮತ್ತು ವಿತರಣೆ ಎರಡೋ? ನಾವು ವಿತರಿಸುತ್ತೇವೆಯೇ ಹೊರತು ಪ್ಯಾಕ್ ಮಾಡಲ್ಲ, ನಮಗೆ ಓವರ್‌ಟೈಮ್ ಕೊಡಿ ಎಂದರು ಡ್ರೈವರ್‌ಗಳು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ತಮಾಷೆಯೆಂದರೆ, ಪಟ್ಟಿಯ ಕೊನೆಯ ಕಾಮಾ ಬೇಡ ಅಂತ ಹೇಳಿದ್ದು ಆ ರಾಜ್ಯದ್ದೇ ಕಾನೂನು ಬರೆಯುವವರ ಕೈಪಿಡಿ. ತೀರ್ಪಿನ ಬಳಿಕ ಕಾನೂನು ತಿದ್ದಿ ಪಟ್ಟಿಗೆಲ್ಲ ಸೆಮಿಕೋಲನ್ ಹಾಕಿದರು. ಬ್ರಿಟನ್ನಿನ ಹಲವು ಪತ್ರಿಕೆಗಳು ಈ ಕಾಮಾ ಬಿಡುತ್ತವೆ, ಬಿಡಲಿ. ಕರಾರು, ಟೆಂಡರ್ ಬರೆಯುವವರು ಬಿಡಬಾರದು.

ಅಪಾಸ್ಟ್ರಫಿ ಇರುವ ‘ಇಟ್ಸ್’ ಬಗ್ಗೆ ಗೊಂದಲವಿದ್ದರೆ ಅದನ್ನು ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಿ ಓದಿ. ಅರ್ಥ ಕೂಡದಿದ್ದರೆ ಅಪಾಸ್ಟ್ರಫಿ ತೆಗೆಯಿರಿ. ಹಾಗೇ ರಜೆ ಅರ್ಜಿಯಲ್ಲಿ ‘ಸಬ್ಜೆಕ್ಟ್’ ಆದಮೇಲೆ ಕೋಲನ್‌ಗೆ ಅಂಟಿಸುವ ಅಡ್ಡಗೆರೆ ಹಳೇ ಬ್ರಿಟಿಷ್ ಬರಹದ ಉಳಿಕೆ. ಕೋಲನ್ ಒಂದೇ ಸಾಕು.