ಮಾಟಕ್ಕೂ ಒಂದು ಮನಸ್ಸಿದೆ, ಸ್ವಾಮಿ

21 ಮೇಕೆ, 3 ಎಮ್ಮೆ, 21 ಕಪ್ಪು ಕುರಿ, 5 ಹಂದಿ. ಸಂತೆ ಲೆಕ್ಕ ಅಲ್ಲ. 2024ರ ಮೇ ಕೊನೆಗೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಪತ್ರಕರ್ತರ ಮುಂದೆ ಒಪ್ಪಿಸಿದ ಪಟ್ಟಿ. ಕೇರಳದಲ್ಲಿ ತಮ್ಮ ಮೇಲೆ, ಸಿದ್ದರಾಮಯ್ಯನವರ ಮೇಲೆ, ಸರ್ಕಾರದ ಮೇಲೆ ಈ ಪ್ರಾಣಿಗಳನ್ನು ಬಲಿ ಕೊಟ್ಟು ಶತ್ರು ಭೈರವಿ ಯಾಗ, ಅಂದರೆ ಶತ್ರುನಾಶದ ಮಾಟ ನಡೆದಿದೆ ಅಂದರು. ಅಂಥದ್ದೇನೂ ನಡೆದಿಲ್ಲ ಅಂತ ಕೇರಳದ ಸಚಿವರು ಹೇಳಿದರು. ಹಂದಿ ಎಷ್ಟು ಅಂತ ನಮ್ಮವರಿಗೆ ಪಕ್ಕಾ ಗೊತ್ತಿತ್ತು. ಹಂದಿ ಕೊಂಡವರ ಹೆಸರು ಮಾತ್ರ ಬಾಯಿಗೆ ಬರಲಿಲ್ಲ.

ಹಳೇ ಸುದ್ದಿ ಅಂತೀರಾ? ಕುರ್ಚಿ ಅಲ್ಲಾಡಿದಾಗಲೆಲ್ಲ ನನಗೆ ಆ ಮೇಕೆಗಳು ನೆನಪಾಗುತ್ತವೆ.

ನನ್ನ ಅನುಮಾನ ಬೇರೆ. ಮಾಟಕ್ಕೆ ಗುರಿ ಬೇಕು. ಕೂದಲು, ಉಗುರು, ಉಟ್ಟ ಬಟ್ಟೆಯ ಚೂರು ಏನಾದರೂ ಸಿಗಬೇಕು. ಸರ್ಕಾರದ ಕೂದಲನ್ನು ಎಲ್ಲಿಂದ ತರೋದು? ಇನ್ನು ದಾರಿ. ಕೇರಳ ಗಡಿಯ ಮಾಕುಟ್ಟ ಚೆಕ್‌ಪೋಸ್ಟ್ ದಾಟಿ ಬೆಂಗಳೂರಿಗೆ ಬಂದರೂ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡು, ‘ಇವರ ಸಹವಾಸವೇ ಬೇಡ’ ಅಂತ ವಾಪಸ್ ಹೊರಟಿದ್ದರೆ?

ತಮಾಷೆ ಅಲ್ಲ. ಮಾಟ ತಿರುಗಿ ಬೀಳುತ್ತೆ ಅನ್ನೋದು ನಮ್ಮ ಹಳೇ ನಂಬಿಕೆ. ಮಾಡಿದವನಿಗೇ ಕೃತ್ಯೆಯನ್ನು, ಅಂದರೆ ಮಾಟದಿಂದ ಎಬ್ಬಿಸಿದ ಮಾರಕ ಶಕ್ತಿಯನ್ನು, ವಾಪಸ್ ಕಳಿಸುವ ಮಂತ್ರಗಳು ಅಥರ್ವವೇದದಲ್ಲೇ ಇವೆ. ಭಾಗವತದ ಸುದಕ್ಷಿಣನ ಕತೆ ನೋಡಿ. ಕಾಶಿರಾಜನ ಮಗ. ಅಪ್ಪನನ್ನು ಕೊಂದ ಕೃಷ್ಣನ ಮೇಲೆ ಅಭಿಚಾರ ಹೋಮ, ಅಂದರೆ ಮಾಟದ ಹೋಮ ಮಾಡಿಸಿದ. ವಿಧಾನ ಹೇಳಿಕೊಟ್ಟದ್ದು ಸಾಕ್ಷಾತ್ ಶಿವ. ಜೊತೆಗೊಂದು ಷರತ್ತು: ಬ್ರಾಹ್ಮಣರಲ್ಲಿ ಭಕ್ತಿ ಇಲ್ಲದವನ ಮೇಲೆ ಬಿಟ್ಟರೆ ಮಾತ್ರ ಕೆಲಸ ಆಗುತ್ತೆ. ಹುಡುಗ ಷರತ್ತು ಸರಿಯಾಗಿ ಓದಲಿಲ್ಲ. ಕುಂಡದಿಂದ ಕಾದ ತಾಮ್ರದಂಥ ಗಡ್ಡದವನೊಬ್ಬ ಎದ್ದ. ಕೈಯಲ್ಲಿ ಉರಿಯುವ ತ್ರಿಶೂಲ, ಕಟವಾಯಿ ನೆಕ್ಕುವ ನಾಲಿಗೆ. ದ್ವಾರಕೆಗೆ ಹೋದ. ಕೃಷ್ಣ ಸಭೆಯಲ್ಲಿ ಪಗಡೆ ಆಡ್ತಿದ್ದ. ಚಕ್ರ ಬಿಟ್ಟ, ಅಷ್ಟೆ. ಕೃತ್ಯೆ ಮೋರೆ ತಿರುಗಿಸಿಕೊಂಡು ಕಾಶಿಗೇ ಬಂದು ಸುದಕ್ಷಿಣನನ್ನು ಪುರೋಹಿತರ ಸಮೇತ ಸುಟ್ಟಿತು. ಸಂಭಾವನೆ ಮುಂಗಡ ತೆಗೆದುಕೊಂಡಿದ್ದರೋ ಏನೋ, ಪಾಪ.

ಕಳಿಸಿದವನ ಮಾತು ಕೇಳದ ಇಂಥ ಪ್ರಾಣಿಯನ್ನು ನಂಬಿ ರಾಜಕೀಯ ಮಾಡೋದಕ್ಕೆ ಎಂಟೆದೆ ಬೇಕು. 2011ರಲ್ಲಿ ಯಡಿಯೂರಪ್ಪನವರೂ ತಮ್ಮ ಮೇಲೆ ಮಾಟ ನಡೆದಿದೆ ಅಂದಿದ್ದರು. ಅದೇ ವರ್ಷ ಜುಲೈನಲ್ಲಿ ಕುರ್ಚಿ ಹೋಯಿತು. ಲೋಕಾಯುಕ್ತರ ಅಕ್ರಮ ಗಣಿ ವರದಿ ಬಂದ ಮೇಲೆ. ಆ ವರದಿಗೆ ಒಂದು ಕೋಳಿಯೂ ಬಲಿಯಾಗಿರಲಿಲ್ಲ.

ಆದರೆ ನಿಜವಾಗಿ ಮಾಟಕ್ಕೆ ಸಿಕ್ಕೋರು ಬೇರೆಯವರು. ಹಳ್ಳಿಯಲ್ಲಿ ಎಮ್ಮೆ ಹಾಲು ಬತ್ತಿದರೆ, ಮಗುವಿಗೆ ಜ್ವರ ಬಿಡದಿದ್ದರೆ ಪಕ್ಕದ ಮನೆಯ ಒಂಟಿ ಹೆಂಗಸಿನ ಕಡೆ ಬೆರಳು ಹೋಗುತ್ತೆ. ದೆವ್ವ ಬಿಡಿಸ್ತೀನಿ ಅಂತ ಬೆತ್ತದಲ್ಲಿ ಬಾರಿಸ್ತಾರೆ. ಬಾಸುಂಡೆ ಬರೋದು ಅವಳ ಬೆನ್ನ ಮೇಲೆ. ಮಂತ್ರಿಗಳ ಬೆನ್ನ ಮೇಲೆ ಎಲ್ಲಾದರೂ ನೋಡಿದ್ದೀರಾ? ಇದನ್ನು ಬರೆದೂ ಬರೆದೂ ಸಾಕಾಗಿದೆ. ಊರಿನ ದೊಡ್ಡವರೇ ಮೈಕ್ ಮುಂದೆ ನಿಂತು ಮಾಟ ಇದೆ ಅಂದರೆ, ಬೆತ್ತ ಹಿಡಿದವನಿಗೆ ನಾವು ಏನಂತ ಬುದ್ಧಿ ಹೇಳೋದು?

ಇದಕ್ಕೆಂದೇ 2017ರಲ್ಲಿ ಮೌಢ್ಯ ನಿಷೇಧ ಕಾಯ್ದೆ ಮಾಡಿದ್ದಾರೆ. ಜ್ಯೋತಿಷ, ವಾಸ್ತುವಿನ ತಂಟೆಗೆ ಹೋಗದೆ, ಜೋಪಾನವಾಗಿ. ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ. ಅದನ್ನು ತಂದ ಸಂಪುಟದಲ್ಲಿ ಇಂಧನ ಸಚಿವರು ಯಾರು ಗೊತ್ತಲ್ವಾ? ಇದೇ ಶಿವಕುಮಾರ್ ಸಾಹೇಬರು.