ಹೊಂಡಕ್ಕೆ ಇಳಿಯಬೇಕಾ, ದಂಡೆಯಲ್ಲೇ ಕೈಮುಗಿಯಬೇಕಾ?

ಬಾದಾಮಿ ಹತ್ತಿರದ ಮಹಾಕೂಟದ ಪುಷ್ಕರಣಿ, ಸವದತ್ತಿಯ ಜೋಗುಳಬಾವಿ, ಎಣ್ಣೆ ಹೊಂಡ. ನಮ್ಮ ಕಡೆಯ ಇಂಥ ತೀರ್ಥಗಳಲ್ಲಿ ಮುಳುಗಿ ಎದ್ದರೆ ಮೈಮೇಲಿನ ರೋಗ ಹೋಗುತ್ತದೆ ಅನ್ನುವ ನಂಬಿಕೆ ಬಹಳ ಹಳೆಯದು. ಈ ಸ್ನಾನ ಹೀಗೇ ಮುಂದುವರಿಯಬೇಕಾ?

ಪರ: ಇಳಿಯುವವರು ಇದ್ದರೆ ನೀರು ಉಳಿಯುತ್ತದೆ

ಮೇ ತಿಂಗಳಲ್ಲಿ ಬಾದಾಮಿ ಸುತ್ತಲಿನ ಕೆಂಪು ಬಂಡೆಗಳ ಮೇಲೆ ಬರಿಗಾಲಿಡೋಕೆ ಆಗಲ್ಲ. ಅದೇ ಗುಡ್ಡದ ಬುಡದಲ್ಲಿ ಮಹಾಕೂಟದ ವಿಷ್ಣು ಪುಷ್ಕರಣಿ ತುಂಬಿರುತ್ತದೆ. ಮಳೆ ನೀರು ಮರಳುಗಲ್ಲಿನ ಬಿರುಕುಗಳಲ್ಲಿ ಇಳಿಯುತ್ತದೆ, ನೀರು ಬಿಡದ ಪದರ ಸಿಕ್ಕಲ್ಲಿ ಪಕ್ಕಕ್ಕೆ ತಿರುಗುತ್ತದೆ, ಕೊನೆಗೆ ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಒರತೆ ಹುಟ್ಟುವುದು ಹೀಗೆ. ಆದರೆ ಅದು 1400 ವರ್ಷದಿಂದ ಉಳಿದದ್ದು ಹೇಗೆ? ಚಾಲುಕ್ಯ ಮಂಗಳೇಶನ ಕಾಲದ ಕಂಬದ ಶಾಸನದಲ್ಲಿ ಇಲ್ಲಿನ ಮಹಾಕೂಟೇಶ್ವರ ದೇವರಿಗೆ ರಾಣಿ ದುರ್ಲಭದೇವಿ ಹತ್ತು ಹಳ್ಳಿ ಬಿಟ್ಟುಕೊಟ್ಟ ಮಾತಿದೆ. ಆ ಕಂಬ ಈಗ ವಿಜಯಪುರದಲ್ಲಿದೆ. ರಾಜರು ಹೋದರು, ದತ್ತಿ ಹೋಯಿತು. ಬುತ್ತಿ ಕಟ್ಟಿಕೊಂಡು ಬಂದು ನೀರಿಗೆ ಇಳಿಯುವ ಜನ ಮಾತ್ರ ಬರುತ್ತಲೇ ಇದ್ದಾರೆ. ಆ ಒರತೆಯನ್ನು ಕಾಯ್ದವರು ಅವರೇ.

ವಿಜಯಪುರದ ತಾಜ್ ಬಾವಡಿ ನೋಡಿ. ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಕಾಲದ್ದು, 1620ರ ಹೊತ್ತಿನದು, ಒಂದು ಊರಿಗೇ ನೀರು ಕೊಟ್ಟ ಬಾವಿ. ಮನೆಮನೆಗೆ ನಲ್ಲಿ ಬಂತು, ಜನ ಮೆಟ್ಟಿಲು ಇಳಿಯೋದು ಬಿಟ್ಟರು, ಆಮೇಲೆ ಅದರೊಳಗೆ ಬಿದ್ದದ್ದು ಕಸ, ಪ್ಲಾಸ್ಟಿಕ್ಕು, ಗಣಪತಿ ಮೂರ್ತಿಗಳು. ಕಡೆಗೆ ಹೂಳೆತ್ತಬೇಕಾಯಿತು. ದಂಡೆಯಲ್ಲಿ ನಿಂತು ಕೈಮುಗಿಯುವವನಿಗೆ ನೀರಿನ ವಾಸನೆ ಗೊತ್ತಾಗಲ್ಲ. ಮೈ ಒಡ್ಡುವವನಿಗೆ ಗೊತ್ತಾಗುತ್ತದೆ. ಅವನು ಕೇಳುತ್ತಾನೆ, ಜಗಳ ತೆಗೆಯುತ್ತಾನೆ, ಪೂಜಾರಿಯನ್ನು ಕರೆದು ತೋರಿಸುತ್ತಾನೆ.

ಕಥೆಗಳೂ ಹಾಗೇ ಉಳಿದಿವೆ. ವಾತಾಪಿ, ಇಲ್ವಲರನ್ನು ಅಗಸ್ತ್ಯ ಮುಗಿಸಿದ ಕಥೆ ಅಗಸ್ತ್ಯ ತೀರ್ಥ ಅನ್ನುವ ಬಾದಾಮಿ ಕೆರೆಯ ಹೆಸರಲ್ಲೇ ಇದೆ. ಕೂಸಿಗೆ ಉಣಿಸಿ, ಹೊಟ್ಟೆ ಸವರಿ 'ವಾತಾಪಿ ಜೀರ್ಣೋ ಭವ' ಅನ್ನುವ ಅಜ್ಜಿಯರು ಇನ್ನೂ ಇದ್ದಾರೆ. ಸವದತ್ತಿಯ ಯಲ್ಲಮ್ಮ ಅಂತ ನಾವು ಕರೆಯುವ ರೇಣುಕೆಯ ಕಥೆಯಂತೂ ನನ್ನನ್ನು ಬಿಡುವುದೇ ಇಲ್ಲ. ಜಮದಗ್ನಿಯ ಶಾಪದಿಂದ ಮೈಯೆಲ್ಲ ರೋಗವಾಗಿ, ಮನೆಯಿಂದ ಹೊರಬಿದ್ದು, ಕಾಡಲ್ಲಿ ಅಲೆಯುತ್ತಿದ್ದ ಆಕೆಗೆ ಎಕ್ಕಯ್ಯ, ಜೋಗಯ್ಯ ಅನ್ನುವ ಸಾಧುಗಳು ನೀರಿನ ದಾರಿ ತೋರಿಸಿದರು. ಗಂಡ ಹೊರಗೆ ಹಾಕಿದ ಹೆಂಗಸನ್ನು ಒಳಗೆ ಕರೆದುಕೊಂಡದ್ದು ಆ ನೀರು. ಇವತ್ತಿಗೂ ಮೈಮೇಲೆ ಮಚ್ಚೆ ಇದ್ದವರ ಪಕ್ಕ ಬಸ್ಸಲ್ಲಿ ಯಾರೂ ಕೂರಲ್ಲ. ಭಾರತ ಹುಣ್ಣಿಮೆ ದಿನ ಭಂಡಾರ ಹಚ್ಚಿಕೊಂಡು 'ಉಧೋ ಉಧೋ' ಅನ್ನುವ ಜನರ ನಡುವೆ ಅವರೂ ಅದೇ ನೀರಲ್ಲಿ ಮುಳುಗಿ ಏಳುತ್ತಾರೆ. ಯಾರೂ ಸರಿದು ನಿಲ್ಲುವುದಿಲ್ಲ. ಇದನ್ನು ಯಾವ ಔಷಧಿ ಅಂಗಡಿ ಕೊಡುತ್ತದೆ ಹೇಳಿ? ನೀರು ಕೆಟ್ಟಿದ್ದರೆ ನೀರನ್ನು ಸರಿಮಾಡಿ. ಸುಮ್ನೆ ಬೇಲಿ ಹಾಕಿ ಜನರನ್ನು ದೂರ ಮಾಡಬೇಡಿ.

ವಿರೋಧ: ತಂಪಾದದ್ದೆಲ್ಲ ವಾಸಿಯಾದ ಹಾಗಲ್ಲ

ಈಗಿನ ಹುಡುಗರಿಗೆ ನಾರುಹುಣ್ಣು ಅಂದರೆ ಏನು ಅಂತ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಒಳ್ಳೆಯದು, ಆದರೆ ಈ ಚರ್ಚೆಗೆ ಅದು ಬೇಕು. ಕಾಲಲ್ಲಿ ಬೊಬ್ಬೆ ಏಳುತ್ತಿತ್ತು, ಒಡೆಯುತ್ತಿತ್ತು, ಒಳಗಿಂದ ಬಿಳಿ ದಾರದಂಥ ಹುಳು ಹೊರಗೆ ಬರುತ್ತಿತ್ತು. ಎರಡು ಮೂರು ಅಡಿ ಉದ್ದ. ಅದನ್ನು ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೆಯಬೇಕು, ನಡುವೆ ಹರಿದರೆ ಕೀವು ತುಂಬಿ ಇನ್ನೂ ಜಾಸ್ತಿ ನರಳಾಟ. ದೇಶದಲ್ಲಿ ಈ ರೋಗ ಬೇರೂರಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಬೊಬ್ಬೆ ಬೆಂಕಿಯ ಹಾಗೆ ಉರಿಯುತ್ತಿತ್ತು. ಉರಿ ತಾಳದೆ ಜನ ಮೆಟ್ಟಿಲು ಬಾವಿಗೆ ಇಳಿದು ಕಾಲು ನೀರಲ್ಲಿ ಇಡುತ್ತಿದ್ದರು. ತಕ್ಷಣ ಹಾಯ್ ಅನ್ನಿಸುತ್ತಿತ್ತು. ಅದೇ ಗಳಿಗೆಯಲ್ಲಿ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನೀರುಚಿಗಟಗಳು ಆ ಮರಿಗಳನ್ನು ನುಂಗುತ್ತಿದ್ದವು. ಆ ನೀರನ್ನು ಕುಡಿದವರ ಕಾಲಲ್ಲಿ ಸುಮಾರು ಒಂದು ವರ್ಷದ ಮೇಲೆ ಹುಳು ಏಳುತ್ತಿತ್ತು. ಒಬ್ಬರಿಗೆ ಆರಾಮ ಕೊಟ್ಟ ನೀರು ಊರಿಗೆಲ್ಲ ರೋಗ ಹಂಚಿತು. ನೀರಿಗೆ ಇಳಿದ ಮೇಲೆ ಮೈ ಹಗುರಾಯಿತು ಅಂತ ಯಾರಾದರೂ ಹೇಳಿದರೆ ನಾನು ಅವರನ್ನು ನಂಬುತ್ತೇನೆ. ಹಗುರಾಗಿದ್ದು ನಿಜ. ಅದಕ್ಕೇ ನನಗೆ ಭಯ.

ಇದಕ್ಕೆ ಲಸಿಕೆ ಇರಲಿಲ್ಲ, ಕೊಲ್ಲುವ ಮಾತ್ರೆಯೂ ಇರಲಿಲ್ಲ. ಆದರೂ ಹೋಯಿತು. ದೇಶದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಇದರಿಂದ ಮುಕ್ತ ಅಂತ ಹೇಳಿತು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿ ಮಾಡಿದರು, ಕೈಪಂಪು ಹಾಕಿದರು, ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. ಹುಣ್ಣಿದ್ದವರು ನೀರಿಗೆ ಇಳಿಯಬೇಡಿ ಅಂತ ಊರೂರಲ್ಲಿ ಹೇಳಿದರು. ಜನ ಕೇಳಿದರು. ಹಾಗಾದರೆ ಹೊಂಡದ ಹತ್ತಿರ ಅದೇ ಮಾತು ಹೇಳಲು ಯಾಕೆ ಹಿಂಜರಿಕೆ?

ನಾರುಹುಣ್ಣು ಹೋದರೂ ಬೇರೆಯವು ಇವೆ. ಜಾತ್ರೆಯ ಗದ್ದಲದಲ್ಲಿ ನೀರು ಬಾಯಿಗೆ ಹೋದರೆ ಕಾಮಾಲೆ, ಟೈಫಾಯ್ಡ್ ಬರಬಹುದು. ಒದ್ದೆ ಬಟ್ಟೆ, ಮೈಗೆ ಮೈ ತಾಗಿದರೆ ಕಜ್ಜಿ ಹರಡುತ್ತದೆ. ಒರತೆ ನೀರು ಹರಿಯುತ್ತದೆ ನಿಜ, ಆದರೆ ಹುಣ್ಣಿಮೆ ದಿನ ಬರುವ ಜನಕ್ಕೆ ಆ ಹರಿವು ಸಾಲಲ್ಲ.

ನನಗೆ ಜಾಸ್ತಿ ನೋವು ಕೊಡುವುದು ಇನ್ನೊಂದು. ಮುಟ್ಟಿದರೆ ಗೊತ್ತಾಗದ ಮಚ್ಚೆ ಕುಷ್ಠದ್ದಾಗಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ಇದೆ, ಆರು ತಿಂಗಳು ಅಥವಾ ಒಂದು ವರ್ಷ ನುಂಗಿದರೆ ವಾಸಿ. ಬೇಗ ಶುರುಮಾಡಿದರೆ ಬೆರಳು ಉಳಿಯುತ್ತವೆ. 'ಈ ಹುಣ್ಣಿಮೆಗೆ ಒಮ್ಮೆ ಮುಳುಗಿ ನೋಡೋಣ, ಮುಂದಿನ ಹುಣ್ಣಿಮೆಗೆ ಇನ್ನೊಮ್ಮೆ' ಅಂತ ಕಾಯುವವರ ನರಗಳು ಕಾಯುವುದಿಲ್ಲ, ಅಲ್ವಾ?

ಯಲ್ಲಮ್ಮ ನಮ್ಮ ತಾಯಿಯೂ ಹೌದು. ಯಾರೂ ಸವದತ್ತಿಗೆ ಬರಬೇಡಿ ಅನ್ನುತ್ತಿಲ್ಲ. ಒರತೆಯ ನೀರನ್ನು ಪೈಪಿನಲ್ಲಿ ತಂದು ದಂಡೆಯಲ್ಲಿ ನಲ್ಲಿ ಹಾಕಿ, ತಲೆಯ ಮೇಲೆ ಸುರಿದುಕೊಳ್ಳಲಿ. ಹೆಂಗಸರಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಕಟ್ಟಿ. ಜಾತ್ರೆಯ ದಿನಗಳಲ್ಲಿ ಕಾಯಿ ಕರ್ಪೂರದ ಅಂಗಡಿಗಳ ಸಾಲಿನಲ್ಲೇ ಒಬ್ಬ ಚರ್ಮದ ಡಾಕ್ಟರನ್ನು ಕೂರಿಸಿ, ಮಚ್ಚೆ ಇದ್ದವರನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಲು ಪೂಜಾರಿಗಳಿಗೇ ಹೇಳಿ. ಅವರ ಮಾತನ್ನು ಜನ ತೆಗೆದುಹಾಕುವುದಿಲ್ಲ.