ಹುಳುಕಡ್ಡಿ ಮತ್ತು ಒಣಗದ ಲಂಗ

ನಮ್ಮ ಮನೆಗೆಲಸಕ್ಕೆ ಬರುವ ರಾಯಚೂರು ಕಡೆಯ ಮಹಿಳೆಯೊಬ್ಬರು ಕಳೆದ ಮಳೆಗಾಲದಲ್ಲಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಸೊಂಟ ತೋರಿಸಿದರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ಲಂಗದ ಲಾಡಿ ಬಿಗಿಯುವ ಜಾಗದ ಸುತ್ತ, ಅಂಚು ಕೆಂಪಗೆ ಉಬ್ಬಿ ನಡುವೆ ಕಪ್ಪಿಟ್ಟ ಬಳೆಯಾಕಾರದ ಕಲೆಗಳಿದ್ದವು. "ಮೈ ಸ್ವಚ್ಛ ಇಟ್ಕೋ ಅಂತಾರ್ರೀ ಅಕ್ಕ, ನಾ ಏನ್ ಜಳಕ ಮಾಡಂಗಿಲ್ಲೇನ್ರೀ?" ಎಂದರು.

ಅವರ ಸಿಟ್ಟು ನ್ಯಾಯವಾದದ್ದು. ಹುಳುಕಡ್ಡಿ ಎಂಬ ಹೆಸರಿನಲ್ಲಿ ಹುಳುವಿದ್ದರೂ ಅದನ್ನು ತರುವುದು ಶಿಲೀಂಧ್ರ. ಚರ್ಮ, ಕೂದಲು, ಉಗುರಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬದುಕುವ ಅದಕ್ಕೆ ಬೇಕಾದದ್ದು ಕೊಳೆಯಲ್ಲ, ಬೆಚ್ಚನೆಯ ತೇವ. ಅವರಿರುವುದು ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡಿನಲ್ಲಿ. ಐದು ಜನರಿಗೆ ಒಂದು ಕೋಣೆ, ಎರಡು ಟವೆಲ್, ದಿನಕ್ಕೆ ಲೆಕ್ಕದ ಕೊಡ ನೀರು. ಇರುವ ಎರಡು ಲಂಗಗಳಲ್ಲಿ ಒಂದು ಒಗೆದರೆ, ಮಳೆಗಾಲದಲ್ಲಿ ಅದು ಒಣಗುವ ಮೊದಲೇ ಉಡಬೇಕು. ಮಕ್ಕಳ ಉಡಿದಾರವಂತೂ ಸದಾ ಒದ್ದೆ. ಒಬ್ಬರಿಗೆ ವಾಸಿಯಾಗುವಷ್ಟರಲ್ಲಿ ಇನ್ನೊಬ್ಬರಿಂದ ಮತ್ತೆ ಅಂಟುತ್ತದೆ. ಮುಂಜಾನೆಯಿಂದ ಬೂಟು ಹಾಕಿಕೊಳ್ಳುವ ಪೌರಕಾರ್ಮಿಕರ ಕಾಲ್ಬೆರಳ ಸಂದಿಯ ಸೋಂಕಿಗೂ, ದಿನವಿಡೀ ಪಾತ್ರೆ ತೊಳೆಯುವವರ ಉಗುರುಸುತ್ತಿಗೂ ಇದೇ ತೇವ ಕಾರಣವಾಗುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಸೋಂಕು ಇನ್ನೂ ಸುಲಭ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅವರ ಸೆರಗಿನ ಗಂಟಿನಲ್ಲಿದ್ದ, ಕೊನೆಯವರೆಗೂ ಸುರುಳಿ ಸುತ್ತಿದ ಮುಲಾಮಿನ ಟ್ಯೂಬು. ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಕೊಟ್ಟದ್ದು. ಅದರಲ್ಲಿದ್ದ ಕ್ಲೊಬೆಟಾಸಾಲ್ ಎಂಬ ತೀವ್ರ ಸ್ಟೀರಾಯ್ಡ್ ತುರಿಕೆಯನ್ನು ಎರಡೇ ದಿನದಲ್ಲಿ ಅಡಗಿಸುತ್ತದೆ, ಚರ್ಮದ ರಕ್ಷಣಾಶಕ್ತಿಯನ್ನೂ ಅಡಗಿಸಿ ಶಿಲೀಂಧ್ರ ಹಬ್ಬಲು ಬಿಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದ್ದು ಅಂಗಡಿಯವರಿಗೆ ತಿಳಿಯದ ವಿಷಯವೇನಲ್ಲ. ಆದರೂ ಚರ್ಮದ ವೈದ್ಯರನ್ನು ಕಾಣಲು ಒಂದು ದಿನದ ಕೂಲಿ ಬಿಡಬೇಕಾದವರಿಗೆ ಆ ಅಂಗಡಿಯೇ ಆಸ್ಪತ್ರೆ. ಹಾಗಾಗಿ ಅಲ್ಲಿ ಮುಲಾಮು ಕೊಳ್ಳುವವರನ್ನು ಬೈಯುವ ಮನಸ್ಸು ನನಗಿಲ್ಲ. ಇದರ ಜೊತೆಗೆ, 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೇ ಎಂದು ಹೆಸರಾದ, ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕ ಮಾತ್ರೆಗೂ ಹಲವೊಮ್ಮೆ ಬಗ್ಗದ ಶಿಲೀಂಧ್ರ ಪ್ರಭೇದ ನಮ್ಮ ದೇಶದಲ್ಲಿ ವ್ಯಾಪಕವಾಗಿದೆ.

ಕೊನೆಗೆ ಸರ್ಕಾರಿ ಆಸ್ಪತ್ರೆಯ ವೈದ್ಯರು ಮನೆಮಂದಿಯನ್ನೆಲ್ಲ ಕರೆಸಿ ನೋಡಿದರು, ಕಲೆ ಮಾಯವಾದ ಮೇಲೂ ಎರಡು ವಾರ ಔಷಧಿ ಬಿಡಬಾರದೆಂದರು, ಬಟ್ಟೆ ಬಿಸಿಲಲ್ಲಿ ಒಣಗಿಸಿ ಎಂದರು. ಶೆಡ್ಡಿಗೆ ಬಿಸಿಲು ಬೀಳುವುದಿಲ್ಲ. ಈಗ ಅವರ ಲಂಗಗಳು ನಮ್ಮ ಬಾಲ್ಕನಿಯ ತಂತಿಯ ಮೇಲೆ ಒಣಗುತ್ತವೆ. ಅದು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಕರಾರು ಬಂದಿದೆ.